ಜಾಗವೂ ಕಮ್ಮಿ, ಕೆಲಸವೂ ಕಮ್ಮಿ: ಹಡಗಿನ 600 ಕಿಲೋವ್ಯಾಟ್ ಟರ್ಬೈನ್ ಜನರೇಟರ್ ಒಂದರ ಪ್ರಕರಣ ಅಧ್ಯಯನ

ಗಿರಾಕಿ ಕೇಳಿದ್ದು ಎರಡು ವಿಷಯ. ಹೊಸ ಟರ್ಬೈನ್ ಜನರೇಟರ್, ಅಂದರೆ ಸ್ಟೀಮ್‌ನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ, ಹಳೆಯದರ ಜಾಗದಲ್ಲೇ ಕೂರಬೇಕು. ಒಂದು ಡ್ರೈ ಡಾಕ್‌ನಿಂದ (ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಸಮಯ) ಮುಂದಿನ ಡ್ರೈ ಡಾಕ್‌ವರೆಗೆ ಅದನ್ನು ಯಾರೂ ಬಿಚ್ಚುವ ಹಾಗಾಗಬಾರದು. ಮೇಲ್ನೋಟಕ್ಕೆ ಎರಡೂ ಒಂದೇ ಅನಿಸುತ್ತದೆ. ಚಿಕ್ಕ ಯಂತ್ರ ಅಂದರೆ ಕಡಿಮೆ ಕೆಲಸ, ಅಲ್ವಾ? ಈ ಹಡಗಿನಲ್ಲಿ ಹಾಗಾಗಿರಲಿಲ್ಲ. ಹಳೆಯ ಯಂತ್ರ ಚಿಕ್ಕದಾಗಿತ್ತು, ಆ ಚಿಕ್ಕತನದಿಂದಲೇ ಕೆಟ್ಟಿತ್ತು.

ನಮ್ಮದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವಿನ್ಯಾಸ ತಂಡ. ಹಡಗಿನ ಹೆಸರು, ಮಾಲೀಕರ ಹೆಸರು ಇಲ್ಲಿ ಬೇಕಿಲ್ಲ. ಬೆಂಗಳೂರಿನಲ್ಲಿ ಸಮುದ್ರ ಇಲ್ಲದಿದ್ದರೂ ಸ್ಟೀಮ್ ಟರ್ಬೈನ್ ಬಲ್ಲವರಿಗೆ ಕೊರತೆ ಇಲ್ಲ. ತ್ರಿವೇಣಿ ಟರ್ಬೈನ್ ಕಂಪನಿ ಇರುವುದು ಪೀಣ್ಯದಲ್ಲೇ. ಸುತ್ತಲಿನ ಶೆಡ್‌ಗಳಲ್ಲಿ ಬ್ಲೇಡ್ ಕೊರೆಯುವವರು, ಗೇರ್ ಗ್ರೈಂಡಿಂಗ್ ಮಾಡುವವರು, ಹೀಟ್ ಟ್ರೀಟ್‌ಮೆಂಟ್ ಮಾಡುವವರು ಸಿಗುತ್ತಾರೆ. ಆದರೆ ನಮ್ಮ ಕಡೆಯವರ ಅನುಭವ ಹೆಚ್ಚಾಗಿ ಸಕ್ಕರೆ ಕಾರ್ಖಾನೆಯದು. ಅಲ್ಲಿ ಕಬ್ಬು ಮುಗಿದ ಮೇಲೆ ಆಫ್ ಸೀಸನ್ ಬರುತ್ತದೆ. ಟರ್ಬೈನ್ ಮುಚ್ಚಳ ತೆಗೆದು, ಎಲ್ಲ ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಕೂರಿಸಲು ಸಮಯ ಸಿಗುತ್ತದೆ. ಹಡಗಿಗೆ ಆಫ್ ಸೀಸನ್ ಇಲ್ಲ. ಸರಕು ಹಡಗಿನ ತಳದ ತಪಾಸಣೆ 5 ವರ್ಷದಲ್ಲಿ ಎರಡು ಸಲ. ಬಿಚ್ಚುವ ಕೆಲಸ ಏನಿದ್ದರೂ ಆಗಲೇ. ಉಳಿದ ಕಾಲ ಎಂಜಿನ್ ರೂಮಿನಲ್ಲಿರುವುದು ಬೆರಳೆಣಿಕೆ ಜನ. ರಾತ್ರಿ ಹೊತ್ತು ಎಷ್ಟೋ ಹಡಗುಗಳಲ್ಲಿ ಅಲ್ಲಿ ಯಾರೂ ಇರುವುದಿಲ್ಲ, ಅಲಾರಂ ಮಾತ್ರ.

ಹಡಗು ಓಡುವುದು ದೊಡ್ಡ ಡೀಸೆಲ್ ಎಂಜಿನ್‌ನಿಂದ. ಎಂಜಿನ್ ಹೊಗೆಯ ಬಿಸಿಯಿಂದ ಒಂದು ಬಾಯ್ಲರ್ ಸ್ಟೀಮ್ ಮಾಡುತ್ತದೆ. ಗೇಜ್‌ನಲ್ಲಿ 7 ಬಾರ್, 250 ಡಿಗ್ರಿ. ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 6 ಟನ್ ಟರ್ಬೈನ್‌ಗೆ ಸಿಗುತ್ತದೆ. ಬೇಡದ ಸ್ಟೀಮನ್ನು ಡಂಪ್ ಕಂಡೆನ್ಸರ್‌ಗೆ ಬಿಟ್ಟು ಸುಮ್ನೆ ನೀರು ಮಾಡುತ್ತಾರೆ. ಟರ್ಬೈನ್ ಓಡಿದರೆ ಅಷ್ಟು ಕರೆಂಟಿಗೆ ಡೀಸೆಲ್ ಜನರೇಟರ್ ಸುಡುವ ಎಣ್ಣೆ ಉಳಿಯುತ್ತದೆ. ಟರ್ಬೈನ್ ನಿಂತರೆ ಹಡಗೇನೂ ನಿಲ್ಲುವುದಿಲ್ಲ, ಖರ್ಚು ಏರುತ್ತದೆ. ಹಳೆಯ ಟರ್ಬೈನ್ ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ.

ಹಳೆಯ ಯಂತ್ರ ಕೆಟ್ಟಿದ್ದು ಹೇಗೆ

ಹಡಗಿನ ಚೀಫ್ ಎಂಜಿನಿಯರ್ ಕುಂದಾಪುರದ ಕಡೆಯವರು. ರಜೆಗೆ ಬಂದಾಗ ಬೆಂಗಳೂರಿಗೆ ಬಂದು ನಮ್ಮ ಜೊತೆ ಕೂತರು. ಹಳೆಯ ಯಂತ್ರದ ಬೇರಿಂಗ್ ಆಯಿಲ್‌ನ ಸ್ಯಾಂಪಲ್ ತಂದಿದ್ದರು. ನೋಡಲು ಮಜ್ಜಿಗೆಯ ಹಾಗಿತ್ತು. ಅಷ್ಟು ನೀರು ಸೇರಿತ್ತು. "ಆಯಿಲ್ ಬದಲಿಸಿ ಬದಲಿಸಿ ಸಾಕಾಗಿದೆ ಮಾರಾಯ್ರೇ, ಪ್ಯೂರಿಫೈಯರ್ ಇಪ್ಪತ್ನಾಲ್ಕು ಗಂಟೆ ಓಡಿಸಿದರೂ ಹೀಗೇ" ಅಂದರು.

ನೀರು ಬಂದದ್ದು ಸ್ಟೀಮ್‌ನಿಂದ. ಶಾಫ್ಟ್ ಟರ್ಬೈನ್ ಕೇಸಿಂಗ್‌ನಿಂದ ಹೊರಗೆ ಬರುವ ಕಡೆ ಸೋರಿಕೆ ತಡೆಯುವ ಗ್ಲ್ಯಾಂಡ್ ಇರುತ್ತದೆ. ಹಳೆಯದರಲ್ಲಿ ಅದು ಕಾರ್ಬನ್ ರಿಂಗ್. ಕಾರ್ಬನ್ ಶಾಫ್ಟ್‌ಗೆ ತಾಗಿಕೊಂಡೇ ಇರುತ್ತದೆ, ಹಾಗಾಗಿ ಸವೆಯುತ್ತದೆ. ಸವೆದ ಸಂದಿನಿಂದ ಸ್ಟೀಮ್ ಹೊರಬಂದು ಶಾಫ್ಟ್ ಉದ್ದಕ್ಕೂ ಹರಿಯುತ್ತದೆ. ಎರಡು ಬೆರಳು ದೂರದಲ್ಲೇ ಬೇರಿಂಗ್ ಮನೆ. ಯಂತ್ರದ ಉದ್ದ ಕಡಿಮೆ ಮಾಡಲು ಗ್ಲ್ಯಾಂಡ್‌ಗೆ ಬೇರಿಂಗನ್ನು ಅಷ್ಟು ಹತ್ತಿರ ತಂದು ಕೂರಿಸಿದ್ದರು. ಸ್ಟೀಮ್ ಸೀದಾ ಆಯಿಲ್‌ಗೆ ಹೋಯಿತು.

ಇನ್ನೊಂದು ತುದಿಯ ಕಥೆ ಇದಕ್ಕಿಂತ ಕೆಟ್ಟದು. ಅಲ್ಲಿಂದ ಸ್ಟೀಮ್ ಕಂಡೆನ್ಸರ್‌ಗೆ ಹೋಗಿ ನೀರಾಗುತ್ತದೆ, ಹಾಗಾಗಿ ಕೇಸಿಂಗ್ ಒಳಗೆ ವ್ಯಾಕ್ಯೂಮ್, ಅಂದರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ. ಗ್ಲ್ಯಾಂಡ್ ಸವೆದರೆ ಸ್ಟೀಮ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದನ್ನು ತಡೆಯಲು ಗ್ಲ್ಯಾಂಡ್‌ಗೆ ಸೀಲಿಂಗ್ ಸ್ಟೀಮ್ ಕೊಡುತ್ತಾರೆ. ಗ್ಲ್ಯಾಂಡ್ ಸವೆದಷ್ಟೂ ವ್ಯಾಕ್ಯೂಮ್ ಬೀಳುತ್ತದೆ. ವ್ಯಾಕ್ಯೂಮ್ ಬಿದ್ದಾಗ ಡ್ಯೂಟಿಯಲ್ಲಿದ್ದವರು ಸೀಲಿಂಗ್ ಸ್ಟೀಮ್ ವಾಲ್ವ್ ಇನ್ನಷ್ಟು ತೆರೆಯುತ್ತಾರೆ. ಆಗ ಆ ಕಡೆಯ ಬೇರಿಂಗ್‌ಗೂ ಸ್ಟೀಮ್ ನುಗ್ಗುತ್ತದೆ. ಆಯಿಲ್ ಕೆಟ್ಟು ಬೇರಿಂಗ್ ಒಳಪದರದ ಮೆತ್ತನೆ ಲೋಹ ವೈಟ್ ಮೆಟಲ್ ಸವೆಯುತ್ತದೆ, ಶಾಫ್ಟ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಗ್ಲ್ಯಾಂಡ್ ಇನ್ನೂ ಬೇಗ ಸವೆಯುತ್ತದೆ. ಒಳಗೆ ಹೋದ ಗಾಳಿಯ ಆಮ್ಲಜನಕ ಕಂಡೆನ್ಸೇಟ್ ನೀರಿನ ಜೊತೆ ಬಾಯ್ಲರ್ ತನಕ ಹೋಗಿ ಟ್ಯೂಬ್‌ಗಳನ್ನು ತಿನ್ನುತ್ತದೆ. ಇದರಲ್ಲಿ ಹಡಗಿನವರ ತಪ್ಪು ಹುಡುಕುವುದು ನ್ಯಾಯವಲ್ಲ. ಆ ಯಂತ್ರ ಅವರಿಗೆ ಬೇರೆ ದಾರಿ ಕೊಟ್ಟಿರಲಿಲ್ಲ.

ಇಲ್ಲಿಂದ ನಾವು ಒಂದು ನಿಯಮ ಹಿಡಿದೆವು. ಭಾಗಗಳನ್ನು ಒತ್ತಿ ಒತ್ತಿ ಹತ್ತಿರ ಕೂರಿಸಿ ಯಂತ್ರವನ್ನು ಚಿಕ್ಕದು ಮಾಡಬಾರದು. ಭಾಗವನ್ನೇ ತೆಗೆದುಹಾಕಿ ಚಿಕ್ಕದು ಮಾಡಬೇಕು. ತೆಗೆಯಲು ಆಗದ ಭಾಗಕ್ಕೆ ಬೇಕಾದ ಜಾಗವನ್ನು ಧಾರಾಳವಾಗಿ ಕೊಡಬೇಕು.

ಮೂರು ದಾರಿ

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದು. ಎರಡು ಬೇರಿಂಗ್ ನಡುವೆ ಆರು ವೀಲ್‌ಗಳ (ಸುತ್ತ ಬ್ಲೇಡ್ ಇರುವ ಚಕ್ರಗಳ) ರೋಟರ್, 10,000 ಆರ್‌ಪಿಎಂ, ಗೇರ್‌ಬಾಕ್ಸ್, ಆಮೇಲೆ 1,800 ಆರ್‌ಪಿಎಂನ 60 ಹರ್ಟ್ಸ್ ಜನರೇಟರ್. 8 ಬಾರ್ ಅಬ್ಸಲ್ಯೂಟ್ (ಗೇಜ್‌ನ 7 ಬಾರ್‌ಗೆ ಹೊರಗಿನ ಗಾಳಿಯ 1 ಬಾರ್ ಸೇರಿಸಿದ್ದು), 250 ಡಿಗ್ರಿಯಿಂದ ಶುರುವಾಗಿ ಕಂಡೆನ್ಸರ್‌ನಲ್ಲಿ 0.1 ಬಾರ್‌ವರೆಗೆ ಸ್ಟೀಮ್ ಹಿಗ್ಗಿದರೆ ಕಿಲೋಗೆ ಸುಮಾರು 720 ಕಿಲೋಜೂಲ್ ಶಕ್ತಿ ಸಿಗಬಹುದು. ಅಷ್ಟನ್ನೂ ಒಂದೇ ನಾಝಲ್‌ನಲ್ಲಿ ಬಿಟ್ಟರೆ ಸ್ಟೀಮ್ ವೇಗ ಸೆಕೆಂಡಿಗೆ 1,200 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಬ್ಲೇಡ್ ಅದರ ಅರ್ಧದ ಹತ್ತಿರ ವೇಗದಲ್ಲಿ ಓಡಬೇಕು. ಯಾವ ಸಾಧಾರಣ ಉಕ್ಕಿನ ವೀಲೂ ಅದನ್ನು ತಾಳುವುದಿಲ್ಲ. ಆರು ಮೆಟ್ಟಿಲು ಮಾಡಿದರೆ ಒಂದೊಂದರಲ್ಲಿ 120 ಕಿಲೋಜೂಲ್, ಸ್ಟೀಮ್ ವೇಗ 490 ಮೀಟರ್, ಬ್ಲೇಡ್ ವೇಗ 225 ಮೀಟರ್. ಆರಾಮದ ಲೆಕ್ಕ. ಟರ್ಬೈನ್ ದಕ್ಷತೆ ಶೇಕಡ 70 ಅಂತ ಹಿಡಿದರೆ ಗಂಟೆಗೆ 4.6 ಟನ್ ಸ್ಟೀಮ್ ಸಾಕು. ಕಾಗದದ ಮೇಲೆ ಇದೇ ಚೆಂದ. ಆದರೆ ಎರಡು ಗ್ಲ್ಯಾಂಡ್, ಸೀಲಿಂಗ್ ಸ್ಟೀಮ್, ಗ್ಲ್ಯಾಂಡ್‌ನಲ್ಲಿ ಸೋರಿದ ಸ್ಟೀಮನ್ನು ನೀರು ಮಾಡುವ ಗ್ಲ್ಯಾಂಡ್ ಕಂಡೆನ್ಸರ್, ಟರ್ಬೈನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕಪ್ಲಿಂಗ್, ಅದರ ಅಲೈನ್‌ಮೆಂಟ್ ಎಲ್ಲ ಮತ್ತೆ ಬಂತು. ಹಳೆಯ ಕಾಯಿಲೆಯ ಬೇರು ಹಾಗೇ ಉಳಿಯಿತು.

ಎರಡನೆಯದು ತಂಡದ ಯುವಕರಿಗೆ ಇಷ್ಟವಾದ ದಾರಿ. ಗೇರ್‌ಬಾಕ್ಸ್ ಬೇಡ. ಟರ್ಬೈನ್ ಶಾಫ್ಟ್ ಮೇಲೇ ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರ್, ಮ್ಯಾಗ್ನೆಟಿಕ್ ಬೇರಿಂಗ್, ಆಯಿಲೇ ಇಲ್ಲ. ಹುಟ್ಟುವ ಹೆಚ್ಚು ಹರ್ಟ್ಸ್‌ನ ಕರೆಂಟನ್ನು ಕನ್ವರ್ಟರ್ 60 ಹರ್ಟ್ಸ್‌ಗೆ ತರುತ್ತದೆ. ಇದು ತೀರಾ ಹೊಸ ಯೋಚನೆಯೂ ಅಲ್ಲ. 1884ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ಮಾಡಿದ ಮೊದಲ ಟರ್ಬೈನ್ 18,000 ಆರ್‌ಪಿಎಂನಲ್ಲಿ ನೇರವಾಗಿ ಡೈನಮೋ ತಿರುಗಿಸುತ್ತಿತ್ತು. ಅಂಥ ಪುಟ್ಟ ಸೆಟ್‌ಗಳು ಮುಂದೆ ಹಡಗುಗಳಿಗೆ ದೀಪದ ಕರೆಂಟ್ ಕೊಟ್ಟವು.

ನನಗೂ ಈ ದಾರಿ ಇಷ್ಟ. ಈ ಹಡಗಿಗೆ ಮಾತ್ರ ಬೇಡ ಅಂದೆ. ಕಾರಣ ಚೀಫ್ ಕೇಳಿದ ಒಂದು ಪ್ರಶ್ನೆಯಲ್ಲಿತ್ತು. "ಕನ್ವರ್ಟರ್ ಕಾರ್ಡ್ ಸುಟ್ಟರೆ ನಾನು ಏನು ಮಾಡಬೇಕು?" ಬಂದರು ಬರುವವರೆಗೆ ಕಾಯಬೇಕು, ಅಷ್ಟೇ. ಎಂಜಿನ್ ರೂಮಿನ ಗಾಳಿ 45 ಡಿಗ್ರಿ ಅಂತಲೇ ಹಡಗಿನ ನಿಯಮಗಳು ಲೆಕ್ಕ ಹಿಡಿಯುತ್ತವೆ. ಕೆಪಾಸಿಟರ್ ಆಯಸ್ಸು ಪ್ರತಿ 10 ಡಿಗ್ರಿಗೆ ಅರ್ಧ ಆಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರು ನಂಬುವ ಲೆಕ್ಕ. ಇನ್ನೊಂದು ಗಂಭೀರ ವಿಷಯ: ಪರ್ಮನೆಂಟ್ ಮ್ಯಾಗ್ನೆಟನ್ನು ಆಫ್ ಮಾಡಲು ಬರುವುದಿಲ್ಲ. ವೈಂಡಿಂಗ್ ಒಳಗೆ ಶಾರ್ಟ್ ಆದರೆ ರೋಟರ್ ಪೂರ್ತಿ ನಿಲ್ಲುವವರೆಗೆ ಅದು ಬೆಂಕಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಸ್ಪ್ಯಾನರ್ ಹಿಡಿದು ಸರಿಮಾಡುವ ಕೆಲಸ ಕಮ್ಮಿಯಾಗಿ ಸರಿಮಾಡಲಾಗದ ಕೆಲಸ ಬಂದರೆ ಅದನ್ನು ಕಡಿಮೆ ನಿರ್ವಹಣೆ ಅಂತ ನಾನು ಕರೆಯುವುದಿಲ್ಲ.

ಮೂರನೆಯದನ್ನು ಆರಿಸಿದೆವು. ಟರ್ಬೈನ್‌ಗೆ ತನ್ನದೇ ಬೇರಿಂಗ್ ಇಲ್ಲ. ಗೇರ್‌ಬಾಕ್ಸ್‌ನ ಪಿನಿಯನ್ (ಸಣ್ಣ ಗೇರ್) ಶಾಫ್ಟ್ ತುದಿಯಲ್ಲೇ ಮೂರು ವೀಲ್, ಎಲ್ಲ ಒಂದೇ ಉಕ್ಕಿನ ಫೋರ್ಜಿಂಗ್‌ನಿಂದ ಕಡೆದದ್ದು. ಸ್ಟೀಮ್ ಗೇರ್‌ಬಾಕ್ಸ್ ಕಡೆಯಿಂದ ಒಳಬಂದು ಆಚೆ ತುದಿಯಿಂದ ನೇರವಾಗಿ ಕಂಡೆನ್ಸರ್‌ಗೆ ಹೋಗುತ್ತದೆ. ಎರಡು ಬೇರಿಂಗ್ ಹೋಯಿತು, ಕಪ್ಲಿಂಗ್ ಹೋಯಿತು, ಅಲೈನ್‌ಮೆಂಟ್ ಹೋಯಿತು. ಎಲ್ಲಕ್ಕಿಂತ ದೊಡ್ಡ ಲಾಭ ಬೇರೆ. ವ್ಯಾಕ್ಯೂಮ್ ಕಡೆ ಶಾಫ್ಟ್ ಹೊರಗೆ ಬರುವುದೇ ಇಲ್ಲ. ಅಲ್ಲಿ ಗ್ಲ್ಯಾಂಡ್ ಇಲ್ಲ. ಗಾಳಿ ನುಗ್ಗಲು ಶಾಫ್ಟ್ ಸಂದೇ ಇಲ್ಲ. ಉಳಿದದ್ದು ಒಂದೇ ಗ್ಲ್ಯಾಂಡ್, ಅದೂ ಒತ್ತಡದ ಕಡೆ. ಸೀಲಿಂಗ್ ಸ್ಟೀಮ್ ವ್ಯವಸ್ಥೆ ಪೂರ್ತಿ ಮಾಯ.

ವ್ಯಾಕ್ಯೂಮ್ ಬಿಟ್ಟುಕೊಟ್ಟದ್ದು

ಬೇರಿಂಗ್‌ನಿಂದಾಚೆ ಚಾಚಿಕೊಂಡ ಶಾಫ್ಟ್ ಮೇಲೆ ಆರು ವೀಲ್ ನೇತುಹಾಕಲು ಆಗುವುದಿಲ್ಲ. ಮೂರು ಸಾಕು ಅನ್ನಬೇಕಾದರೆ ಸ್ಟೀಮ್ ಹಿಗ್ಗುವುದನ್ನು ಬೇಗ ನಿಲ್ಲಿಸಬೇಕು. ಕಂಡೆನ್ಸರ್ ಒತ್ತಡವನ್ನು 0.1 ಬಾರ್‌ನಿಂದ 0.2 ಬಾರ್‌ಗೆ ಏರಿಸಿದೆವು. ನಮ್ಮ ಟರ್ಬೈನ್‌ನವರಿಗೆ ಇದು ನೋವಿನ ಮಾತು. ಒಳ್ಳೆ ವ್ಯಾಕ್ಯೂಮ್ ಅಂದರೆ ಒಳ್ಳೆ ಟರ್ಬೈನ್ ಅಂತಲೇ ಕಲಿತವರು ನಾವು.

ಲೆಕ್ಕ ನೋಡಿ. 0.2 ಬಾರ್‌ಗೆ ನಿಲ್ಲಿಸಿದರೆ ಸಿಗುವ ಶಕ್ತಿ ಕಿಲೋಗೆ 720ರಿಂದ 631 ಕಿಲೋಜೂಲ್‌ಗೆ ಇಳಿಯುತ್ತದೆ. ಶೇಕಡ 12 ನಷ್ಟ. ಮೂರೇ ವೀಲ್ ಆದ್ದರಿಂದ ದಕ್ಷತೆ ಶೇಕಡ 65 ಅಂತ ಹಿಡಿದೆವು. ವೇಗ 13,000 ಆರ್‌ಪಿಎಂ, ವೀಲ್‌ನ ಸರಾಸರಿ ವ್ಯಾಸ 420 ಮಿಮೀ. ಸ್ಟೀಮ್ ಬೇಡಿಕೆ ಗಂಟೆಗೆ 4.6ರಿಂದ 5.7 ಟನ್‌ಗೆ ಏರಿತು. ಇದು ಕೊಟ್ಟದ್ದು.

ಪಡೆದದ್ದು ಹೀಗೆ. ಹೊರಹೋಗುವ ಸ್ಟೀಮ್‌ನ ಗಾತ್ರ ಸೆಕೆಂಡಿಗೆ 17.7 ಘನ ಮೀಟರ್ ಇದ್ದದ್ದು 11.7ಕ್ಕೆ ಇಳಿಯಿತು. ಕೊನೆಯ ಬ್ಲೇಡ್ ಉದ್ದ 87 ಮಿಮೀ ಬದಲು 60ರ ಆಸುಪಾಸು ಸಾಕಾಯಿತು. ಕಂಡೆನ್ಸರ್‌ನಲ್ಲಿ ಇನ್ನೂ ದೊಡ್ಡ ಬದಲಾವಣೆ. 0.1 ಬಾರ್‌ನಲ್ಲಿ ಸ್ಟೀಮ್ ನೀರಾಗುವುದು ಸುಮಾರು 46 ಡಿಗ್ರಿಯಲ್ಲಿ, 0.2ರಲ್ಲಿ 60 ಡಿಗ್ರಿಯಲ್ಲಿ. ಕಂಡೆನ್ಸರನ್ನು ತಣಿಸುವ ಸಮುದ್ರದ ನೀರು 32 ಡಿಗ್ರಿ ಅಂತ ಹಿಡಿಯಬೇಕು. ಮೊದಲಿನದರಲ್ಲಿ ನೀರನ್ನು 40 ಡಿಗ್ರಿಗಿಂತ ಮೇಲೆ ಬಿಸಿ ಮಾಡುವುದೇ ಕಷ್ಟ. ಎರಡನೆಯದರಲ್ಲಿ 44ಕ್ಕೆ ಬಿಟ್ಟರೂ ಸ್ಟೀಮ್‌ಗೂ ನೀರಿಗೂ 16 ಡಿಗ್ರಿ ಅಂತರ ಉಳಿಯುತ್ತದೆ. ಹಾಗಾಗಿ ಹೆಚ್ಚು ಶಾಖ ತೆಗೆಯಬೇಕಾಗಿದ್ದರೂ ಟ್ಯೂಬ್‌ಗಳ ವಿಸ್ತೀರ್ಣ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಸಮುದ್ರದ ನೀರು ಗಂಟೆಗೆ 325 ಟನ್ ಬದಲು 270. ಪಂಪೂ ಚಿಕ್ಕದಾಯಿತು.

ಟರ್ಬೈನ್ ಜನರೇಟರ್ ಅಂದಾಗ ಎಲ್ಲರ ಕಣ್ಣು ಟರ್ಬೈನ್ ಮೇಲೇ ಇರುತ್ತದೆ. ಹಡಗಿನಲ್ಲಿ ಜಾಗ ತಿನ್ನುವುದು ಕಂಡೆನ್ಸರ್.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಲೆಕ್ಕ ನಿಲ್ಲುವುದು ಸ್ಟೀಮ್ ಪುಕ್ಕಟೆ ಇದ್ದಾಗ ಮಾತ್ರ. ಇದಕ್ಕೋಸ್ಕರ ಎಣ್ಣೆ ಸುಟ್ಟು ಬಾಯ್ಲರ್ ಹಚ್ಚುವುದಾದರೆ ಆರು ವೀಲ್‌ನ ಯಂತ್ರವೇ ಸರಿ. ಹಡಗು ನಿಧಾನಕ್ಕೆ ಓಡುವಾಗ ಹೊಗೆ ಕಡಿಮೆ, ಸ್ಟೀಮ್ ಕಡಿಮೆ, ಆಗ ನಮ್ಮ ಯಂತ್ರ 600 ಕಿಲೋವ್ಯಾಟ್ ಕೊಡುವುದಿಲ್ಲ. ಉಳಿದದ್ದನ್ನು ಡೀಸೆಲ್ ಜನರೇಟರ್ ಹೊರಬೇಕು. ಮಾಲೀಕರಿಗೆ ಇದನ್ನು ಮೊದಲ ಸಭೆಯಲ್ಲೇ ಬರೆದು ಕೊಟ್ಟೆವು. ವರ್ಷದಲ್ಲಿ ಎಷ್ಟು ದಿನ ಓಡುತ್ತದೆ ಅನ್ನುವುದು ಅವರಿಗೆ ಮುಖ್ಯವಾಗಿತ್ತು. ಒಪ್ಪಿದರು.

ಗ್ಲ್ಯಾಂಡ್, ಬೇರಿಂಗ್, ಆಯಿಲ್

ಉಳಿದ ಒಂದು ಗ್ಲ್ಯಾಂಡ್‌ಗೆ ಕಾರ್ಬನ್ ಬದಲು ಲ್ಯಾಬ್ರಿಂಥ್ ಹಾಕಿದೆವು, ಅಂದರೆ ಸಣ್ಣ ಸಂದು ಬಿಟ್ಟು ಸಾಲಾಗಿ ನಿಂತ ಹಲ್ಲುಗಳ ಸೀಲ್. ಅದು ಶಾಫ್ಟ್‌ಗೆ ತಾಗುವುದಿಲ್ಲ. ಆದ್ದರಿಂದ ಸವೆಯುವುದಿಲ್ಲ, ಆದರೆ ಸ್ವಲ್ಪ ಸೋರುತ್ತದೆ. ಗ್ಲ್ಯಾಂಡ್‌ನ ಒಳಗಿನ ಕೋಣೆಯ ಸೋರಿಕೆಯನ್ನು ಪೈಪ್ ಮೂಲಕ ಮುಂದಿನ ವೀಲ್‌ಗೆ ಕೊಟ್ಟೆವು, ಅಲ್ಲಿ ಅದು ಕೆಲಸ ಮಾಡುತ್ತದೆ. ಹೊರಗಿನ ಕೋಣೆಗೆ ಬರುವ ಅಲ್ಪಸ್ವಲ್ಪ ಸ್ಟೀಮ್ ಒಂದು ಪೈಪಿನಲ್ಲಿ ಮೇಲಕ್ಕೆ ಹೋಗಿ ಹೊರಬೀಳುತ್ತದೆ. ಅಷ್ಟು ಸಿಹಿನೀರು ನಷ್ಟ, ನಿಜ. ಬದಲಿಗೆ ಒಂದು ಫ್ಯಾನು, ಒಂದು ಗ್ಲ್ಯಾಂಡ್ ಕಂಡೆನ್ಸರ್ ಬೇಡವಾಯಿತು. ಹಡಗು ಸಿಹಿನೀರನ್ನು ತಾನೇ ಮಾಡಿಕೊಳ್ಳುತ್ತದೆ.

ಆಮೇಲೆ ಬಂದದ್ದು ಈ ವಿನ್ಯಾಸದ ನಿಜವಾದ ಜಗ್ಗಾಟ. ಗ್ಲ್ಯಾಂಡ್‌ಗೂ ಬೇರಿಂಗ್‌ಗೂ ನಡುವೆ ತೆರೆದ ಜಾಗ ಬೇಕು. ಸೋರಿದ ಸ್ಟೀಮ್ ಅಲ್ಲೇ ಗಾಳಿಗೆ ಹೋಗಬೇಕು, ನೀರಿನ ಹನಿ ಅಲ್ಲೇ ಕೆಳಗೆ ಬೀಳಬೇಕು. ಜಾಗ ಜಾಸ್ತಿ ಕೊಟ್ಟಷ್ಟೂ ವೀಲ್‌ಗಳು ಬೇರಿಂಗ್‌ನಿಂದ ದೂರ ಹೋಗುತ್ತವೆ, ಶಾಫ್ಟ್‌ನ ಕ್ರಿಟಿಕಲ್ ವೇಗ (ಶಾಫ್ಟ್ ಜೋರಾಗಿ ನಡುಗುವ ವೇಗ) ಕೆಳಗಿಳಿದು ಓಡುವ ವೇಗದ ಹತ್ತಿರ ಬರುತ್ತದೆ. ಶಾಫ್ಟ್ ದಪ್ಪ ಮಾಡಿದರೆ ಅದು ಸರಿಯಾಗುತ್ತದೆ, ಆದರೆ ಗ್ಲ್ಯಾಂಡ್ ಸುತ್ತಳತೆ ಹೆಚ್ಚಿ ಸೋರಿಕೆ ಏರುತ್ತದೆ. ಈ ಮೂರರ ನಡುವೆ ನಾವು ತುಂಬಾ ಓಡಾಡಿದೆವು. ಕೊನೆಗೆ ತೆರೆದ ಜಾಗವನ್ನೇ ಕಾಪಾಡಿದೆವು. ಶಾಫ್ಟ್ ದಪ್ಪ ಮಾಡಿದೆವು, ಸೋರಿಕೆ ಒಪ್ಪಿಕೊಂಡೆವು. ನಡುವೆ ಶಾಫ್ಟ್ ಮೇಲೆ ಹನಿ ಎರಚುವ ಒಂದು ಉಂಗುರ. ಬೇರಿಂಗ್ ಸೀಲ್‌ಗೆ ಹಡಗಿನ ಕಂಟ್ರೋಲ್ ಏರ್‌ನಿಂದ ಒಣ ಗಾಳಿಯ ಸಣ್ಣ ಒತ್ತಡ. ಬೇರಿಂಗ್ ಮನೆಯಿಂದ ಗಾಳಿ ಯಾವಾಗಲೂ ಹೊರಕ್ಕೇ ಹರಿಯಬೇಕು.

ಹಡಗು ಹೊಯ್ದಾಡುವಾಗ ಹೀಗೆ ಚಾಚಿಕೊಂಡ ರೋಟರ್ ತಾಳುತ್ತದೆಯೇ ಅಂತ ಮಾಲೀಕರ ಕಡೆಯವರಿಗೆ ಭಯ ಇತ್ತು. ನಿಯಮದ ಪ್ರಕಾರ ಯಂತ್ರ ಪಕ್ಕಕ್ಕೆ 22.5 ಡಿಗ್ರಿ ಹೊರಳುವಾಗಲೂ, ಮುಂದೆ ಹಿಂದೆ 7.5 ಡಿಗ್ರಿ ತೂಗುವಾಗಲೂ ಓಡಬೇಕು. ಲೆಕ್ಕ ಹಾಕಿದಾಗ ಆ ಓಲಾಟದಿಂದ ಬೇರಿಂಗ್ ಮೇಲೆ ಬೀಳುವ ಗೈರೋಸ್ಕೋಪಿಕ್ ಹೊರೆ (ತಿರುಗುವ ರೋಟರನ್ನು ಓರೆ ಮಾಡಿದಾಗ ಹುಟ್ಟುವ ಬಲ) ರೋಟರ್‌ನ ತೂಕದ ಆಸುಪಾಸಿನಲ್ಲೇ ಬಂತು. ಗೇರ್ ಹಲ್ಲು ತಳ್ಳುವ ಬಲ ಇದರ ಮುಂದೆ ಬಹಳ ದೊಡ್ಡದು. 100 ಮಿಮೀ ಪಿನಿಯನ್‌ನಲ್ಲಿ ಹತ್ತಿರ ಹತ್ತಿರ ಒಂದು ಟನ್. ಪೂರ್ತಿ ಲೋಡಿನಲ್ಲಿ ಆ ತಳ್ಳುವಿಕೆಯೇ ಶಾಫ್ಟನ್ನು ಬೇರಿಂಗ್‌ನಲ್ಲಿ ಗಟ್ಟಿಯಾಗಿ ಕೂರಿಸುತ್ತದೆ. ಕಷ್ಟ ಇರುವುದು ಲೋಡ್ ಇಲ್ಲದೆ ಓಡುವಾಗ. ಆಗ ಶಾಫ್ಟ್ ಹಗುರವಾಗಿ ಆಯಿಲ್ ಪದರದ ಮೇಲೆ ಅಲೆದಾಡಬಹುದು. ಅದಕ್ಕೆ ಟಿಲ್ಟಿಂಗ್ ಪ್ಯಾಡ್ ಬೇರಿಂಗ್, ಶಾಫ್ಟ್‌ಗೆ ತಕ್ಕಂತೆ ತಾವೇ ಓರೆಯಾಗುವ ತುಂಡುಗಳದ್ದು.

ಗೇರ್ ಇರುವವರೆಗೆ ಆಯಿಲ್ ಇರಲೇಬೇಕು. ಆಯಿಲ್ ಟ್ಯಾಂಕನ್ನು ಬೇಸ್ ಫ್ರೇಮ್ ಒಳಗೇ ಮಾಡಿದೆವು, ಆಳವಾಗಿ, ತಡೆಹಲಗೆ ಹಾಕಿ. ಪಂಪಿನ ಬಾಯಿ ಸರಿಯಾಗಿ ನಡುವೆ, ಎಷ್ಟು ಹೊರಳಿದರೂ ಗಾಳಿ ಎಳೆಯಬಾರದು. ಮುಖ್ಯ ಪಂಪ್ ಗೇರ್ ಶಾಫ್ಟ್‌ನಿಂದಲೇ ತಿರುಗುತ್ತದೆ. ಬ್ಲ್ಯಾಕ್‌ಔಟ್ ಆಗಿ ಟ್ರಿಪ್ ಆದರೆ ರೋಟರ್ ನಿಲ್ಲುವವರೆಗೆ ಮೇಲಿನ ಒಂದು ಪುಟ್ಟ ಟ್ಯಾಂಕಿನಿಂದ ಆಯಿಲ್ ತಾನಾಗಿ ಇಳಿಯುತ್ತದೆ.

ಪೀಣ್ಯದ ಗೇಜ್, ಸಮುದ್ರದ ಗೇಜ್

ಶೆಡ್‌ನಲ್ಲಿ ಲೋಡ್ ಇಲ್ಲದೆ ಸ್ಟೀಮ್ ಮೇಲೆ ಓಡಿಸಿ ನೋಡುವ ಪರೀಕ್ಷೆ ಇತ್ತು. ಮಾಲೀಕರ ಇನ್‌ಸ್ಪೆಕ್ಟರ್ ತಂದ ಹಾಳೆಯಲ್ಲಿ "ವ್ಯಾಕ್ಯೂಮ್ 610 ಮಿಮೀ" ಅಂತ ಬರೆದಿತ್ತು. ಸಮುದ್ರ ಮಟ್ಟದಲ್ಲಿ ಅದು ಸರಿ. ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿಮೀ, ಅದರಲ್ಲಿ 610 ಕಳೆದರೆ 150 ಮಿಮೀ, ಅಂದರೆ 0.2 ಬಾರ್. ಆದರೆ ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 685 ಮಿಮೀ. ಇಲ್ಲಿ ಗೇಜ್ 610 ತೋರಿಸಿದರೆ ಒಳಗೆ ಉಳಿದದ್ದು 75 ಮಿಮೀ, ಅಂದರೆ 0.1 ಬಾರ್!

ಇನ್‌ಸ್ಪೆಕ್ಟರ್ ಒಳ್ಳೆಯವರು, ಆದರೆ ಹಾಳೆಯಲ್ಲಿ ಇದ್ದದ್ದೇ ಬೇಕು ಅಂದರು. ಹಾಗೆ ಓಡಿಸಿದರೆ ಪರೀಕ್ಷೆ ಸುಲಭವಾಗಿ ಪಾಸ್ ಆಗುತ್ತಿತ್ತು. ಲೋಡ್ ಇಲ್ಲದಾಗ ಕೊನೆಯ ವೀಲ್ ಸುಮ್ಮನೆ ಸ್ಟೀಮನ್ನು ಕಡೆಯುತ್ತಾ ಬಿಸಿಯಾಗುತ್ತದೆ. ಸುತ್ತಲಿನ ಸ್ಟೀಮ್ ದಟ್ಟವಾದಷ್ಟೂ ಆ ಬಿಸಿ ಜಾಸ್ತಿ. 0.1 ಬಾರ್‌ನಲ್ಲಿ ಸ್ಟೀಮ್ ತೆಳು, ಬಿಸಿ ಕಡಿಮೆ. ಸಮುದ್ರದಲ್ಲಿ ಆಗುವ ಬಿಸಿಯನ್ನು ಪೀಣ್ಯದಲ್ಲಿ ನಾವು ನೋಡುವುದೇ ಇಲ್ಲ. ನಮ್ಮ ಫೋರ್‌ಮನ್ ಗೋಡೆಯ ಮೇಲೇ ಲೆಕ್ಕ ಬರೆದು ತೋರಿಸಿದರು. "ಸಾರ್, ಗೇಜ್ ಬಿಡಿ, ಅಬ್ಸಲ್ಯೂಟ್ ಹಾಕಿ ನೋಡೋಣ." ಅಬ್ಸಲ್ಯೂಟ್ ಮೀಟರ್ ಹಾಕಿ 0.2 ಬಾರ್‌ನಲ್ಲೇ ಓಡಿಸಿದೆವು. ಗೇಜ್ ಆಗ 535ರ ಹತ್ತಿರ ನಿಂತಿತ್ತು. ಹಡಗಿನ ಪ್ಯಾನೆಲ್‌ನಲ್ಲೂ ಈಗ ಅಬ್ಸಲ್ಯೂಟ್ ಮೀಟರೇ ಇದೆ. ಬೆಂಗಳೂರಿನಲ್ಲಿ ವ್ಯಾಕ್ಯೂಮ್ ಯಂತ್ರ ಪರೀಕ್ಷಿಸುವ ಪ್ರತಿಯೊಬ್ಬರೂ ಇದನ್ನು ಗಮನಿಸಬೇಕು ಅಂತ ನನ್ನ ಕಳಕಳಿ.

ಕೊನೆಯ ಜಗಳ

ಟರ್ಬೈನ್ ಬೆನ್ನಿಗೇ ಕಂಡೆನ್ಸರ್ ಬೋಲ್ಟ್ ಮಾಡಿದರೆ ನೋಡಲು ತುಂಬಾ ಪುಟ್ಟ. ಆದರೆ ಮುಂದೊಂದು ದಿನ ರೋಟರ್ ತೆಗೆಯಬೇಕಾದರೆ? ಕೇಸಿಂಗ್ ಹಿಂದಕ್ಕೆ ಸರಿಯಬೇಕು, ಸರಿಯಲು ಜಾಗ ಇಲ್ಲ, ಕಂಡೆನ್ಸರನ್ನೇ ಕಳಚಬೇಕು. ಅದಕ್ಕೆ ಸಮುದ್ರದ ನೀರಿನ ಪೈಪ್ ಎಲ್ಲ ಬಿಚ್ಚಬೇಕು. ಹಾಗಾಗಿ ನಡುವೆ 600 ಮಿಮೀ ಉದ್ದದ, ಕಳಚಿ ತೆಗೆಯಬಹುದಾದ ಒಂದು ಪೈಪ್ ತುಂಡು ಹಾಕಿದೆವು, ಜೊತೆಗೆ ಹಿಗ್ಗಿ ಕುಗ್ಗುವ ಬೆಲ್ಲೋಸ್. ತುಂಡು ತೆಗೆದರೆ ಕೇಸಿಂಗ್ ಹಿಂದಕ್ಕೆ ಸರಿಯುತ್ತದೆ, ಗೇರ್‌ಬಾಕ್ಸ್ ಮುಚ್ಚಳ ಎತ್ತಿದರೆ ಪಿನಿಯನ್ ಮತ್ತು ವೀಲ್‌ಗಳು ಒಟ್ಟಿಗೆ ಚೈನ್ ಬ್ಲಾಕ್‌ನಲ್ಲಿ ಮೇಲೆ ಬರುತ್ತವೆ.

ಮಾಲೀಕರ ಕಚೇರಿ ಈ 600 ಮಿಮೀ ಯಾಕೆ ಅಂತ ಪಟ್ಟು ಹಿಡಿಯಿತು. ಕೇಳಿದ್ದು ಪುಟ್ಟ ಯಂತ್ರ ತಾನೇ ಅಂದರು. ನಾನೂ ಪಟ್ಟು ಬಿಡಲಿಲ್ಲ. ಕಂಡೆನ್ಸರ್‌ನಲ್ಲಿ, ಕಪ್ಲಿಂಗ್‌ನಲ್ಲಿ, ಬೇರಿಂಗ್‌ನಲ್ಲಿ ಉಳಿಸಿದ ಜಾಗ ಇದಕ್ಕಿಂತ ಎಷ್ಟೋ ಜಾಸ್ತಿ. ಅದರಲ್ಲಿ ಇಷ್ಟನ್ನು ಮುಂದೆ ಇದನ್ನು ಬಿಚ್ಚುವವರಿಗೆ ಕೊಡಲೇಬೇಕು. ಚೀಫ್ ಹಡಗಿನಿಂದ ಫೋನ್ ಮಾಡಿ ನಮ್ಮ ಪರ ಮಾತಾಡಿದರು. ತುಂಡು ಉಳಿಯಿತು. ಮಾಲೀಕರು ಒಂದು ಷರತ್ತು ಹಾಕಿದರು: ಬಿಡಿ ರೋಟರ್ ಒಂದನ್ನು ಈಗಲೇ ಮಾಡಿ ಬ್ಯಾಲೆನ್ಸ್ ಮಾಡಿ ಇಡಬೇಕು. ಅದು ಪೀಣ್ಯದಲ್ಲಿ ತಯಾರಾಗುತ್ತಿದೆ.